ವೊಂಡಬೈನ್‌ನಲ್ಲಿ ಇಳಿಯುವವರು

ಬಾಗಿದ ಕರಿ ಕೊಕ್ಕಿನ ಆ ದೊಡ್ಡ ಬಿಳಿ ಹಕ್ಕಿ ಬೆಂಚಿನ ಹಿಂದಿನಿಂದ ಬಂದು, ಬ್ರೈಡಿಯ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚಿನ ಅರ್ಧವನ್ನು ಕಿತ್ತುಕೊಂಡು, ಓಡಿಹೋಗುವ ಗೋಜಿಗೂ ಹೋಗದೆ ಅವಳ ಎದುರಿಗೇ ನಿಂತು ನುಂಗಿತು. ಬ್ರೈಡಿ ಬಾಯಿ ತೆರೆದುಕೊಂಡು ಕೂತಳು. ಬೆಂಚಿನ ಇನ್ನೊಂದು ತುದಿಯಲ್ಲಿ ಪತ್ರಿಕೆಯ ಪದಬಂಧ ತುಂಬುತ್ತಿದ್ದ ಮುದುಕ ಕಣ್ಣೆತ್ತದೆಯೇ ನಕ್ಕ.

"ಬೈಬೇಡ ಅದನ್ನ. ಈ ಪಾರ್ಕಲ್ಲಿ ಕೂತು ತಿಂದ್ರೆ ಅದಕ್ಕೆ ಅರ್ಧ ಸುಂಕ ಕಟ್ಬೇಕು. ನಾನು ನಿವೃತ್ತಿ ಆದಾಗಿಂದ ಕಟ್ತಾ ಇದೀನಿ."

"ನಮ್ಮೂರ ಹಕ್ಕಿಗಳಿಗೆ ಇಷ್ಟು ಧೈರ್ಯ ಇಲ್ಲ."

"ಯಾವೂರು?"

"ಟಾಸ್ಮೇನಿಯಾ. ಡೆವನ್‌ಪೋರ್ಟ್."

"ಓಹೋ, ದ್ವೀಪದ ಹುಡುಗಿ! ಅದಕ್ಕೇ ಊಟಾನ ಕೈಯಲ್ಲಿ ಹಿಡ್ಕೊಂಡು ಕೂತಿದೀಯ." ಮುದುಕ ಈಗ ಅವಳ ಪಕ್ಕದಲ್ಲಿದ್ದ ಬೆನ್ನುಚೀಲವನ್ನು ನೋಡಿದ. ಅದು ಅವಳ ಸೊಂಟದೆತ್ತರವಿತ್ತು. ಅದಕ್ಕೆ ಒಂದು ತಪ್ಪಲೆ, ಒಂದು ಜೊತೆ ಬೂಟು, ಒದ್ದೆ ಟವೆಲು ಎಲ್ಲ ಜೋತುಬಿದ್ದಿದ್ದವು. "ಮನೇನೇ ಹೊತ್ಕೊಂಡು ಬಂದಂಗಿದೆ. ಎಲ್ಲಿಗೆ ಪಯಣ?"

"ಅಮ್ಮನ ಮನೆಗೆ."

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಬ್ರೈಡಿಗೆ ಗಾಬರಿಯಾಯಿತು. ಮುದುಕನಿಗೇನು, ಅವನು ಗಡಿಯಾರ ನೋಡಿಕೊಂಡು, "ಹಾಗಾದ್ರೆ ಹೋಗಮ್ಮ. ಅಲ್ಲಿ ಅಮ್ಮ ಬಡಿಸ್ಕೊಂಡು ಕಾಯ್ತಿರ್ತಾಳೆ, ನೀನಿಲ್ಲಿ ಹಕ್ಕಿಗೆ ಬಡಿಸ್ತಾ ಕೂತಿದೀಯಲ್ಲ," ಎಂದು ಮತ್ತೆ ಪದಬಂಧಕ್ಕೆ ತಲೆ ಬಗ್ಗಿಸಿದ.

ಅಮ್ಮ ಬಡಿಸಿಕೊಂಡು ಕಾದದ್ದು ಬ್ರೈಡಿಗೆ ನೆನಪೇ ಇರಲಿಲ್ಲ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ನೋಲೀನ್ ಒಂದು ಸಂಜೆ ಮೆಲ್ಬರ್ನಿನ ಹಡಗು ಹತ್ತಿದ್ದಳು. ಗಂಡನೊಡನೆ ಬಾಳಲಾಗದೆ ಹೊರಟವಳು. ಒಂದು ನೆಲೆ ಸಿಕ್ಕ ತಕ್ಷಣ ಮಗಳನ್ನು ಕರೆಸಿಕೊಳ್ಳುತ್ತೇನೆ ಎಂದಿದ್ದಳು. ಕರೆಸಿಕೊಳ್ಳಲಿಲ್ಲ. ಅಪ್ಪ ಗಣಿ ಕೆಲಸವೆಂದು ಊರೂರು ಅಲೆಯುವವನು, ಹಾಗಾಗಿ ಬ್ರೈಡಿ ಬೆಳೆದದ್ದು ಮೇವಿಸ್ ಅತ್ತೆಯ ಮನೆಯಲ್ಲಿ. ಅತ್ತೆ ಕೆಟ್ಟವಳೇನಲ್ಲ. ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಅಣ್ಣನ ಪರ ವಹಿಸುವ ಭರದಲ್ಲಿ ಆಗಾಗ, ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಿಸುತ್ತಲೋ, "ಬದುಕಿದಾಳೆ, ಚೆನ್ನಾಗೂ ಇದಾಳೆ. ಆದ್ರೆ ಒಂದು ದಿನವಾದ್ರೂ ನಿನ್ನ ಹುಡುಕ್ಕೊಂಡು ಬಂದಳಾ, ಹೇಳು?" ಎಂದುಬಿಡುವಳು. ಅತ್ತೆಗೆ ಉತ್ತರವೇನೂ ಬೇಕಿರಲಿಲ್ಲ. ಆದರೆ ಆ ಮಾತು ಮಗುವಿನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಬ್ರೈಡಿಯ ಕೋಣೆಯ ಕಿಟಕಿಯಿಂದ ಹಡಗು ಬರುವುದು ಕಾಣುತ್ತಿತ್ತು. ಎಷ್ಟೋ ಬೆಳಗ್ಗೆ ಅವಳು ಹಲ್ಲುಜ್ಜುವ ಮೊದಲೇ ಅದನ್ನು ನೋಡಿಕೊಂಡು ನಿಂತಿರುತ್ತಿದ್ದಳು.

ಈಗ ಅವಳಿಗೆ ಇಪ್ಪತ್ತಮೂರು. ಬೆನ್ನಿಗೊಂದು ಚೀಲ ಏರಿಸಿ, ಒಬ್ಬಳೇ, ಆಸ್ಟ್ರೇಲಿಯಾದ ಮುಖ್ಯಭೂಮಿಯನ್ನು ಸುತ್ತಲು ಹೊರಟು ತಿಂಗಳುಗಳೇ ಆಗಿದ್ದವು. ಯಂಗ್ ಎಂಬ ಊರಿನಲ್ಲಿ ಚೆರ್ರಿ ಕಿತ್ತಳು, ಬಂಡಬರ್ಗ್‌ನಲ್ಲಿ ಟೊಮೆಟೊ ಕಿತ್ತಳು, ಹಾಸ್ಟೆಲ್ಲುಗಳ ಮೇಲ್ಮಂಚಗಳಲ್ಲಿ ಮಲಗಿದಳು. ಒಬ್ಬಳೇ ತಿರುಗುವವಳಿಗೆ ಒಂದು ಹೆಮ್ಮೆ ಬೆಳೆಯುತ್ತದೆ. ಬ್ರೈಡಿಯದು ಇಷ್ಟೇ: ಯಾರನ್ನೂ ಏನೂ ಕೇಳಬಾರದು. ದಾರಿ ತಪ್ಪಿದರೆ ತಾನೇ ಹುಡುಕಿಕೊಳ್ಳಬೇಕು, ಚೀಲ ಭಾರವಾದರೆ ತಾನೇ ಹೊರಬೇಕು. ಹುಡುಗರು ಕೈ ನೀಡಿ "ಕೊಡು, ಎತ್ತಿಡ್ತೀನಿ" ಎಂದರೆ ಮೂತಿ ತಿರುವಿ ತಾನೇ ಎತ್ತಿಡುವಳು.

ಅಂಥವಳು ಹೊರಡುವಾಗ ಮೇವಿಸ್ ಅತ್ತೆ ಒಲ್ಲದ ಮನಸ್ಸಿನಿಂದ ಕೊಟ್ಟಿದ್ದ ಅಮ್ಮನ ನಂಬರಿಗೆ ಬಂಡಬರ್ಗ್‌ನಿಂದ ಕೊನೆಗೂ ಫೋನು ಮಾಡಿದ್ದಳು. ನೋಲೀನ್ ಸಿಡ್ನಿಯ ಉತ್ತರಕ್ಕೆ, ರಸ್ತೆಯೇ ಇಲ್ಲದ, ಸಮುದ್ರದ ಉಬ್ಬರವಿಳಿತಕ್ಕೆ ಏರಿ ಇಳಿಯುವ ಒಂದು ಹಿನ್ನೀರಿನ ದಡದಲ್ಲಿ ತಿನ್ನುವ ಸಿಂಪಿ ಬೆಳೆಸಿ ಮಾರಿಕೊಂಡಿದ್ದಳು. ಅಲ್ಲಿ ಫೋನು ಸಿಗುವುದೇ ಅಪರೂಪ. ಅವತ್ತು ಸಿಕ್ಕಿತು. ಬ್ರೈಡಿ ತನ್ನ ಹೆಸರು ಹೇಳಿದಳು. ಆಮೇಲೆ ಶುರುವಾಯಿತು ನೋಡಿ, ಬರೀ ರೈಲಿನ ಮಾತು!

"ವೊಂಡಬೈನ್ ಅಂತ ಸ್ಟೇಷನ್ನು. ಪ್ಲಾಟ್‌ಫಾರ್ಮು ಒಂದೇ ಬೋಗಿಯಷ್ಟುದ್ದ. ಅದಕ್ಕೇ ಬಾಲದ ಬೋಗೀಲೇ ಕೂತ್ಕೋಬೇಕು. ಗಾರ್ಡ್‌ಗೆ ಹೇಳ್ಬೇಕು, ಇಲ್ದಿದ್ರೆ ಗಾಡಿ ನಿಲ್ಲಲ್ಲ. ಬರೋ ಶುಕ್ರವಾರ ಬೆಳಗ್ಗೆಯಿಂದ್ಲೇ ನಾನು ಪ್ಲಾಟ್‌ಫಾರ್ಮಲ್ಲಿ ಇರ್ತೀನಿ. ನಾಲ್ಕರೊಳಗೆ ಬಾ. ಆಮೇಲೆ ನೀರು ಇಳ್ದುಹೋಗತ್ತೆ, ದೋಣಿ ಕೆಸರಲ್ಲಿ ಕೂತುಬಿಡತ್ತೆ. ತಿಳೀತಾ?"

"ತಿಳೀತು," ಎಂದಿದ್ದಳು ಬ್ರೈಡಿ. ಇಷ್ಟು ವರ್ಷದ ಮೇಲೆ ಹೇಗಿದೀಯ ಎಂದು ಕೇಳಬಾರದೆ? ಫೋನಿಟ್ಟ ಮೇಲೆ ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಹೋಗುವುದೇ ಬೇಡ ಎಂದುಕೊಂಡಳು. ಹೋಗದೆ ಇರಲಾರೆ ಎಂದೂ ಗೊತ್ತಿತ್ತು.

ಹಾಗಾಗಿ ಇವತ್ತು, ಶುಕ್ರವಾರ, ಬೆಳಗ್ಗಿನಿಂದ ಅವಳು ಸಿಡ್ನಿ ನೋಡುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ಕೆಳಮಂಚದ ಐರಿಷ್ ಹುಡುಗಿ ಓರ್ಲಾ ಕಣ್ಣುಜ್ಜುತ್ತ ಎದ್ದು, "ಇದೇನೇ, ಏಳಕ್ಕೇ ಹೊರಡ್ತೀನಿ ಅಂದಿದ್ದೆ? ಇನ್ನೂ ಕಾಲುಚೀಲ ಹುಡುಕ್ತಾ ಇದೀಯ?" ಎಂದು ಕೇಳಿದ್ದಳು.

"ಇಷ್ಟು ದೂರ ಬಂದು ಊರು ನೋಡ್ದೆ ಹೋದ್ರೆ ಹೇಗೆ?"

"ನೋಡು ನೋಡು. ಮೂರು ದಿನದಿಂದ ಹಾಸಿಗೆ ಬಿಟ್ಟೇಳದೋಳಿಗೆ ಇವತ್ತು ಊರು ಕಾಣಿಸ್ತು." ಓರ್ಲಾ ತಲೆದಿಂಬನ್ನು ಅವಳ ಮೇಲೆಸೆದಿದ್ದಳು. "ಹೆದರಿಕೆ ಆಗ್ತಿದೆ ಅಂತ ಹೇಳೇ. ತಪ್ಪೇನಿದೆ?"

ಬ್ರೈಡಿ ದಿಂಬನ್ನು ವಾಪಸೆಸೆದು ಹೊರಟಳು. ಬಂದರಿಗೆ ನಡೆದು ಮ್ಯಾನ್ಲಿಯ ದೋಣಿ ಹತ್ತಿದಳು. ಆಚೆ ದಡದಲ್ಲಿ ಇಳಿದು, ಸಮುದ್ರಕ್ಕೆ ಬೆನ್ನು ಹಾಕಿ ಒಂದು ಕಾಫಿ ಕುಡಿದು, ಮುಂದಿನ ದೋಣಿಗೇ ವಾಪಸಾದಳು. ಒಪೆರಾ ಹೌಸಿನ ಬಿಳಿ ಚಿಪ್ಪುಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬಳೇ ಇರುವವಳೆಂದು ನಾಲ್ಕು ಜನ ಇವಳ ಕೈಗೇ ಫೋನು ಕೊಟ್ಟು ತಮ್ಮ ಫೋಟೊ ತೆಗೆಸಿಕೊಂಡರು. ಒಂದು ಬೇಕರಿಯ ಗಾಜಿನ ಮುಂದೆ ಬಹಳ ಹೊತ್ತು ನಿಂತಳು. ಬರಿಗೈಲಿ ಹೋಗುವುದು ಹೇಗೆ? ಆದರೆ ಅಮ್ಮನಿಗೆ ಯಾವ ಕೇಕು ಇಷ್ಟ, ಸಿಹಿ ಇಷ್ಟವೇ ಅಲ್ಲವೇ, ಅದೂ ಗೊತ್ತಿಲ್ಲ. ಅಂಗಡಿಯವಳು "ಯಾರಿಗೆ ಬೇಕಿತ್ತು, ಪುಟ್ಟಿ?" ಎಂದು ಕೇಳಿದಾಗ ಬ್ರೈಡಿ ಏನೂ ಕೊಳ್ಳದೆ ಹೊರಬಂದಳು. ಹೊಟ್ಟೆಗೆಂದು ಕೊಂಡ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಹಕ್ಕಿಯ ಪಾಲಾಯಿತು.

ಪದಬಂಧದ ಮುದುಕನ ಮಾತು ಚುಚ್ಚಿತೋ ಏನೋ, ಬ್ರೈಡಿ ಎದ್ದಳು. ಚೀಲದ ಪಟ್ಟಿಗಳಿಗೆ ತೋಳು ತೂರಿಸಿ, ಸೊಂಟಕ್ಕೆ ಬಿಗಿದು, ಸೆಂಟ್ರಲ್ ನಿಲ್ದಾಣದ ಕಡೆ ದಾಪುಗಾಲು ಹಾಕಿದಳು. ಈಗ ಹತ್ತಿದರೆ ನಾಲ್ಕರೊಳಗೆ ತಲುಪಬಹುದಿತ್ತು. ಇದನ್ನು ಬಿಟ್ಟರೆ ಇಲ್ಲ.

ಅವಳ ದ್ವೀಪದಲ್ಲಿ ಜನ ಓಡಾಡುವ ರೈಲೇ ಇಲ್ಲ. ಮುಖ್ಯಭೂಮಿಯಲ್ಲೂ ಇಷ್ಟು ದಿನ ಬಸ್ಸಿನಲ್ಲೋ ಇನ್ನೊಬ್ಬರ ಕಾರಿನಲ್ಲೋ ತಿರುಗಿದ್ದಳು. ಪ್ಲಾಟ್‌ಫಾರ್ಮಿನ ಗೇಟು ದಾಟಿದರೆ ಎಂಟು ಬೋಗಿಗಳ ಎರಡಂತಸ್ತಿನ ಗಾಡಿ ನಿಂತಿತ್ತು. ಬಾಲದ ಬೋಗಿ ಎಂದರೆ ಕಟ್ಟಕಡೆಯದು ತಾನೆ? ಗೇಟಿನ ಪಕ್ಕದ ಬೋಗಿಯನ್ನು ದಾಟಿದಳು. ಅದರ ಮುಂದಿನದನ್ನು ದಾಟಿದಳು. ತಪ್ಪಲೆ ಟಣಟಣ ಎನ್ನುತ್ತ, ಬೆವರು ಕಣ್ಣಿಗಿಳಿಯುತ್ತ, ಪ್ಲಾಟ್‌ಫಾರ್ಮಿನ ದೂರದ ತುದಿಯವರೆಗೂ ನಡೆದು ಅಲ್ಲಿದ್ದ ಬೋಗಿಯನ್ನು ಹತ್ತಿದಳು. ಹತ್ತಿ, ಅಬ್ಬ, ಗೆದ್ದೆ ಎಂದುಕೊಂಡಳು.

ಪಾಪ, ಸೆಂಟ್ರಲ್ ಎಂದರೆ ಹಳಿ ಮುಗಿಯುವ ಜಾಗ ಎಂದು ಅವಳಿಗೆ ಯಾರು ಹೇಳಬೇಕು? ಬಂದ ಗಾಡಿ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಗೇಟಿನ ಪಕ್ಕ ನಿಂತದ್ದೇ ಬಾಲ; ಅಷ್ಟು ಕಷ್ಟಪಟ್ಟು ನಡೆದು ಅವಳು ಹತ್ತಿದ್ದು ಗಾಡಿಯ ತಲೆಯನ್ನು. ಸಿಡ್ನಿಯ ಶಾಲೆಮಕ್ಕಳಿಗೂ ಇದು ಗೊತ್ತು. ಹಡಗು ನೋಡಿಕೊಂಡು ಬೆಳೆದವಳಿಗೆ ಗೊತ್ತಿರಲಿಲ್ಲ.

ಬೋಗಿಯ ತುದಿಯಲ್ಲಿ ಒಂದು ಮುಚ್ಚಿದ ಬಾಗಿಲಿತ್ತು. ಗಾರ್ಡು ಅದರೊಳಗೆ ಇರಬೇಕು. ಬ್ರೈಡಿ ತಟ್ಟಲೆಂದು ಕೈ ಎತ್ತಿ, ತಟ್ಟದೆ ಇಳಿಸಿದಳು. ಟಿಕೆಟು ನೋಡಲು ಹೇಗೂ ಬರುತ್ತಾರೆ, ಆಗ ಹೇಳಿದರಾಯಿತು. ಚೀಲವನ್ನು ಮೆಟ್ಟಿಲಿಳಿಸಿ ಕೆಳ ಅಂತಸ್ತಿನ ಕಿಟಕಿಯ ಪಕ್ಕ ಕೂತಳು. ಆ ಅಂತಸ್ತಿನ ಕಿಟಕಿಗಳು ಎಷ್ಟು ತಗ್ಗಿನಲ್ಲಿದ್ದವೆಂದರೆ, ಪ್ಲಾಟ್‌ಫಾರ್ಮಿನ ಮೇಲೆ ನಡೆಯುವವರ ಚಪ್ಪಲಿಗಳೇ ಅವಳ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದವು. ಗಾಡಿ ಹೊರಟಿತು.

ಟಿಕೆಟು ನೋಡಲು ಯಾರೂ ಬರಲಿಲ್ಲ. ಹಿತ್ತಿಲುಗಳು, ಒಗೆದ ಬಟ್ಟೆ, ಈಜುಕೊಳಗಳು ಹಿಂದಾದವು. ಹಾರ್ನ್ಸ್‌ಬಿ ನಿಲ್ದಾಣ ಕಳೆದ ಮೇಲೆ ನೀಲಗಿರಿ ಮರಗಳ ಕಾಡು ಬಂತು, ಗಾಡಿ ಬಂಡೆಗಳ ನಡುವೆ ಕೆಳಕ್ಕಿಳಿಯಿತು. ಬ್ರೈಡಿ ಹೇಳಬೇಕಾದ ಮೊದಲ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. 'ಹಲೋ' ಎಂದರೆ ಅಪರಿಚಿತರ ಹಾಗಾಯಿತು. 'ಅಮ್ಮ' ಎಂದರೆ ಅವಳಿಗೆ ಸಲಿಗೆ ಕೊಟ್ಟಂತಾಯಿತು. 'ಯಾಕೆ ಬರಲಿಲ್ಲ' ಎಂದು ಕೇಳಿಯೇಬಿಟ್ಟರೆ? ಅಮ್ಮ ಮುಖ ತಿರುಗಿಸಿಕೊಂಡು ದೋಣಿ ಹತ್ತಿ ಹೋಗಿಬಿಟ್ಟರೆ?

ಹಾಕ್ಸ್‌ಬರಿ ನದಿಯ ನಿಲ್ದಾಣದಲ್ಲಿ ಒಬ್ಬ ಗಾಳದ ಕೋಲು, ಬಕೆಟ್ಟು ಹಿಡಿದು ಹತ್ತಿದ. ಬಕೆಟ್ಟನ್ನು ಅವಳ ಕಾಲ ಬಳಿಯೇ ಇಟ್ಟು ಕೂತ. ಬೋಗಿಯೆಲ್ಲ ಮೀನಿನ ವಾಸನೆಯಾಯಿತು.

"ಬೇಜಾರು ಮಾಡ್ಕೋಬೇಡಮ್ಮ. ಸತ್ತಿವೆ, ಕಚ್ಚಲ್ಲ. ಎಲ್ಲೀವರೆಗೆ?"

"ಮುಂದಿನ ಸ್ಟೇಷನ್ನು. ವೊಂಡಬೈನ್."

ಅವನು ಅವಳನ್ನೂ ಬಾಗಿಲನ್ನೂ ನೋಡಿದ. "ವೊಂಡಬೈನ್‌ನಲ್ಲಿ ಇಳಿಯೋಳು ಇಲ್ಲಿ ಬಂದು ಕೂತಿದೀಯಾ? ಇದು ಮೊದಲ್ನೇ ಬೋಗಿ ಕಣಮ್ಮ! ಆ ಬಾಗಿಲ ಹಿಂದೆ ಡ್ರೈವರ್ ಇದಾನೆ."

"ಇಲ್ಲ, ನಾನು ಕೊನೆ ತನಕ ನಡ್ಕೊಂಡು..."

"ಸೆಂಟ್ರಲ್‌ನಲ್ಲಿ ಕೊನೆ ತನಕ ನಡೆದ್ರೆ ತಲೆ ಸಿಗತ್ತೆ. ಗಾರ್ಡ್‌ಗಾದ್ರೂ ಹೇಳಿದೀಯ?"

"ಬರ್ತಾರೆ ಅಂದ್ಕೊಂಡೆ."

"ಎಲ್ಲಿಂದ ಬರ್ತಾನೆ! ಓಡು, ಓಡು. ಹಿಂದಕ್ಕೆ!"

ಬ್ರೈಡಿ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಓಡಿದಳು. ಆಗಲೇ ಗಾಡಿ ದೊಡ್ಡ ಸೇತುವೆ ದಾಟುತ್ತಿತ್ತು. ಎರಡನೆಯ ಬೋಗಿ, ಮೂರನೆಯದು. ಯಾರದೋ ಮೊಣಕಾಲಿಗೆ ತಪ್ಪಲೆ ಬಡಿಯಿತು, ಯಾರೋ ಬೈದರು. ನಾಲ್ಕನೆಯ ಬೋಗಿಯ ತುದಿಗೆ ಹೋದರೆ ಬಾಗಿಲಿಗೆ ಬೀಗ. ನಾಲ್ಕು ಬೋಗಿಗಳ ಎರಡು ಗಾಡಿಗಳನ್ನು ಬೆಸೆದು ಕಟ್ಟಿದ್ದು ಅದು. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಬಾಗಿಲನ್ನು ಗುದ್ದಿದಳು. "ನಿಲ್ಸಿ, ಯಾರಾದ್ರೂ ನಿಲ್ಸಿ!" ಎಂದಳು. ಕೂಗಬೇಕೆಂದು ಬಾಯಿ ತೆರೆದರೂ ಕೂಗುವ ಅಭ್ಯಾಸವೇ ಇಲ್ಲದ ಗಂಟಲು. ಪಕ್ಕದವನು ಕಿವಿಯಿಂದ ಇಯರ್‌ಫೋನು ತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು.

ಕೆಳ ಅಂತಸ್ತಿನ ಕಿಟಕಿಯತ್ತ ಮೆಟ್ಟಿಲಿಳಿದವಳಿಗೆ ಮೊದಲು ಕಂಡದ್ದು ಒಂದು ಜೊತೆ ರಬ್ಬರ್ ಬೂಟು. ಹಸಿರು ಬಣ್ಣದವು, ಅರ್ಧದವರೆಗೆ ಒಣಗಿದ ಕೆಸರು. ಗಾಜಿನಾಚೆ, ಅವಳ ಮುಖದ ನೇರಕ್ಕೆ. ಬಗ್ಗಿ ಮೇಲೆ ನೋಡಿದಳು. ನೀಲಿ ಕೋಟು, ಗಾಳಿಗೆ ಹಾರುವ ನರೆಗೂದಲು. ಹೆಂಗಸು ಕತ್ತನ್ನು ಉದ್ದ ಮಾಡಿ ಗಾಡಿಯ ಬಾಲದ ಕಡೆಗೇ ನೋಡುತ್ತಿದ್ದಳು. ಒಂದು ಗಳಿಗೆ, ಅಷ್ಟೆ. ಬ್ರೈಡಿ ಗಾಜನ್ನು ಬಡಿದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮರುಕ್ಷಣ ಗಾಡಿ ಸುರಂಗಕ್ಕೆ ನುಗ್ಗಿ, ಗಾಜಿನಲ್ಲಿ ಅವಳ ಮುಖವೇ ಅವಳಿಗೆ ಎದುರಾಯಿತು.

ಆ ಉದ್ದ ಸುರಂಗದ ತುಂಬ ಬ್ರೈಡಿ ಅತ್ತಳು. ಮೆಟ್ಟಿಲ ಮೇಲೆ ಚೀಲವನ್ನು ತಬ್ಬಿ ಕೂತು ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತಳು. ಅಮ್ಮ ಕಾದಳು, ತಾನು ಬರಲಿಲ್ಲ. ಈಗ ಅಮ್ಮ ಏನೆಂದುಕೊಳ್ಳುತ್ತಾಳೆ? ಮಗಳಿಗೆ ನಾನು ಬೇಡವಾಗಿದ್ದೇನೆ ಎಂದುಕೊಳ್ಳುತ್ತಾಳೆ. ಹಾಗೆಂದುಕೊಂಡರೆ ಹೇಗಿರುತ್ತದೆ ಎಂದು ಬ್ರೈಡಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವೋಯ್ ವೋಯ್ ನಿಲ್ದಾಣದಲ್ಲಿ ಇಳಿದು ಫೋನು ಮಾಡಿದಳು. ಹಿನ್ನೀರಿನಲ್ಲಿ ಎಂದಿನಂತೆ ಸಿಗ್ನಲ್ಲಿಲ್ಲ. ಸಮವಸ್ತ್ರದ ಒಬ್ಬ ಹೆಂಗಸು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ಬ್ರೈಡಿ ನೇರ ಅವಳ ಮುಂದೆ ಹೋಗಿ ನಿಂತು, ಮೂಗನ್ನು ತೋಳಿಗೆ ಒರೆಸಿಕೊಂಡು, "ನಂಗೆ ಸಹಾಯ ಮಾಡಿ. ವೊಂಡಬೈನ್‌ಗೆ ವಾಪಸ್ ಹೋಗ್ಬೇಕು. ನನಗೆ ಏನೂ ಗೊತ್ತಾಗ್ತಿಲ್ಲ," ಎಂದಳು. ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ.

"ಅಯ್ಯೋ ಇದಕ್ಕೆ ಅಳ್ತಾರಾ? ವಾರಕ್ಕೊಬ್ಬರು ಹೀಗೇ ಬಂದು ಇಳೀತಾರೆ," ಎಂದಳು ಆಕೆ. ಆಚೆ ಪ್ಲಾಟ್‌ಫಾರ್ಮಿಗೆ ಕರೆದೊಯ್ದು, ಕೊನೆಯ ಬೋಗಿ ನಿಲ್ಲುವ ಜಾಗವನ್ನು ಕಾಲಿನಿಂದ ತಟ್ಟಿ ತೋರಿಸಿದಳು. "ಇಲ್ಲೇ ನಿಂತಿರು, ಅಲುಗಾಡ್ಬೇಡ. ಫೆಲೆತಿ ಅಂತ ಗಾರ್ಡು. ಅವನ ಕಿವೀಲಿ ಹೇಳು."

ಸಿಡ್ನಿಯ ಗಾಡಿ ಬರುವಷ್ಟರಲ್ಲಿ ನಾಲ್ಕು ದಾಟಿತ್ತು. ಫೆಲೆತಿ ಬಾಗಿಲ ತುಂಬ ನಿಲ್ಲುವ ಟೊಂಗಾ ದ್ವೀಪದ ಆಸಾಮಿ. ವೊಂಡಬೈನ್ ಎಂದ ಕೂಡಲೇ ಹುಬ್ಬೇರಿಸಿದ.

"ಏನು ಇವತ್ತು ಅಲ್ಲಿ ಜಾತ್ರೆ? ನಾನು ಈ ಕಡೆ ಬರೋವಾಗ ಅಲ್ಲಿ ಒಬ್ಬರನ್ನ ಇಳಿಸಿದೆ, ಆಗ್ಲೂ ನೋಲೀನ್ ನಿಂತಿದ್ರು, ಪ್ರತಿ ಗಾಡೀಲೂ ಇಣುಕಿ ನೋಡ್ತಾ. ಯಾರಮ್ಮಾ ಅಂದೆ. ಮಗಳು ಅಂದ್ರು. ಎಷ್ಟು ವರ್ಷದಿಂದ ನೋಡ್ತಿದೀನಿ, ಅವರಿಗೊಬ್ಬ ಮಗಳಿದಾಳೆ ಅಂತ್ಲೇ ನಮಗ್ಯಾರಿಗೂ ಗೊತ್ತಿರ್ಲಿಲ್ಲ."

ಬ್ರೈಡಿ ಮುಖ ತಗ್ಗಿಸಿದಳು. ಯಾರಿಗೂ ಹೇಳಿಲ್ಲ. ಇಷ್ಟು ವರ್ಷ ಒಬ್ಬರ ಹತ್ತಿರವೂ ತನ್ನ ಹೆಸರೆತ್ತಿಲ್ಲ. ಬಂದದ್ದೇ ತಪ್ಪಾಯಿತೇನೋ. ಇಳಿಯದೆ ಹೀಗೇ ಸಿಡ್ನಿಗೆ ಹೋಗಿಬಿಡಬಹುದು, ಓರ್ಲಾಳ ಮೇಲಿನ ಮಂಚ ಖಾಲಿಯೇ ಇದ್ದೀತು.

ಫೆಲೆತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೋ ಅರ್ಥವಾದವನಂತೆ ತಲೆಯಾಡಿಸಿದ. ಗೋಡೆಯ ಫೋನು ಎತ್ತಿ ಚಾಲಕನಿಗೆ, "ವೊಂಡಬೈನ್‌ನಲ್ಲಿ ಒಬ್ಬರು ಇಳೀತಾರೆ," ಎಂದ. ಗಾಡಿ ಸುರಂಗ ದಾಟಿ ಬೆಳಕಿಗೆ ಬರುವಾಗ ಆ ಕಡೆಯಿಂದ ಏನೋ ಉತ್ತರ ಬಂತು. ಫೆಲೆತಿ ನಕ್ಕ. "ಹತ್ತೋರೂ ಇದಾರಂತೆ. ಯಾರೋ ಕೈ ಅಡ್ಡ ಹಾಕಿದಾರೆ. ಅಲ್ಲಿ ಹಂಗೇನೇ, ಬಸ್ಸಿಗೆ ಹಾಕ್ದಂಗೆ ಗಾಡಿಗೆ ಕೈ ಹಾಕ್ಬೇಕು."

ಗಾಡಿ ನಿಂತಿತು. ಫೆಲೆತಿ ಬಾಗಿಲು ತೆಗೆದದ್ದೇ ತಡ, ನೀಲಿ ಕೋಟಿನ ಹೆಂಗಸು ಒಂದು ಕಾಲನ್ನು ಒಳಗಿಟ್ಟೇಬಿಟ್ಟಳು. ರಬ್ಬರ್ ಬೂಟು ಕಳಚಿ ಪೇಟೆಗೆ ಹೋಗುವ ಕರಿ ಶೂ ಹಾಕಿದ್ದಳು, ಒಂದರ ಲೇಸು ಕಟ್ಟಿರಲಿಲ್ಲ. ಕಂಕುಳಲ್ಲಿ ಒಂದು ಕೈಚೀಲ. ಏದುಸಿರು ಬಿಡುತ್ತಿದ್ದಳು. ಒಳಗೆ ಯಾರಿದ್ದಾರೆಂದು ನೋಡುವ ವ್ಯವಧಾನವೂ ಅವಳಿಗಿರಲಿಲ್ಲ.

"ಫೆಲೆತಿ, ನನ್ ಮಗಳು ಇಳೀಲಿಲ್ಲ ಕಣೋ. ಬರ್ತೀನಿ ಅಂದಿದ್ಲು. ರೈಲೇ ಕಂಡಿಲ್ಲ ಆ ಹುಡುಗಿ, ಎಲ್ಲಿ ದಾರಿ ತಪ್ಪಿದಾಳೋ ಏನೋ. ನೀನು ಸೆಂಟ್ರಲ್‌ಗೆ ಫೋನ್ ಮಾಡಿ ಮೈಕಲ್ಲಿ ಹೇಳ್ಸು. ಬ್ರೈಡಿ ಅಂತ. ಕಂದು ಕೂದ್ಲು, ಇಷ್ಟೆತ್ತರ ಇದಾಳೆ," ಎಂದು ಕೈಯನ್ನು ತನ್ನ ಎದೆಯ ಕೆಳಗೆ ಹಿಡಿದು ತೋರಿಸಿದಳು. ತೋರಿಸಿದವಳು ತನ್ನ ಕೈಯನ್ನೇ ನೋಡಿಕೊಂಡಳು. ಒಂಬತ್ತು ವರ್ಷದ ಮಗುವಿನ ಎತ್ತರ ಅದು. ಕೈ ಅಲ್ಲೇ ನಿಂತಿತು. "ಈಗ... ಈಗ ಎಷ್ಟೆತ್ತರ ಆಗಿದಾಳೋ ಗೊತ್ತಿಲ್ಲ. ಆದ್ರೂ ಗುರುತು ಹಿಡೀತೀನಿ. ನಡೀ, ಹೊರಡ್ಸು ಗಾಡೀನ."

"ನೋಲೀನ್, ಸ್ವಲ್ಪ ದಾರಿ ಬಿಡಿ," ಎಂದ ಫೆಲೆತಿ, ಮೆಲ್ಲಗೆ. "ನೀವು ಹತ್ತೋಕೆ ಮುಂಚೆ ಇವರು ಇಳೀಬೇಕು."

ನೋಲೀನ್ ಕತ್ತೆತ್ತಿದಳು. ಬ್ರೈಡಿ ಅವಳಿಗಿಂತ ಒಂದು ಗೇಣು ಎತ್ತರವಿದ್ದಳು.

ದಾರಿಯುದ್ದ ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಬ್ರೈಡಿಗೆ ನೆನಪಾಗಲಿಲ್ಲ. "ಮುಂದಿನ ಬೋಗೀಲಿ ಕೂತುಬಿಟ್ಟೆ, ಅಮ್ಮ," ಎಂದಳು. "ಗೊತ್ತಾಗ್ಲಿಲ್ಲ ನಂಗೆ."

"ಗೊತ್ತಾಗಲ್ಲ," ಎಂದಳು ನೋಲೀನ್. "ಅದು ಯಾರಿಗೂ ಗೊತ್ತಾಗಲ್ಲ. ನಾನು ಸರಿಯಾಗಿ ಹೇಳ್ಬೇಕಿತ್ತು." ಒಳಗಿಟ್ಟ ಕಾಲನ್ನು ಹೊರಗೆ ತೆಗೆದು, ಎರಡೂ ಕೈ ಚಾಚಿ, ಬ್ರೈಡಿಯ ಬೆನ್ನಿನಿಂದ ಚೀಲವನ್ನು ಕಳಚತೊಡಗಿದಳು. ಬ್ರೈಡಿ ಬೇಡ ಎನ್ನಲಿಲ್ಲ. ಒಂದು ತೋಳನ್ನೂ ಆಮೇಲೆ ಇನ್ನೊಂದನ್ನೂ ಪಟ್ಟಿಯಿಂದ ಬಿಡಿಸಿಕೊಂಡಳು. "ದೇವರೇ, ಕಲ್ಲು ತುಂಬಿದೀಯಾ ಇದ್ರಲ್ಲಿ?" ಎಂದು ನೋಲೀನ್ ಅಳುತ್ತಲೇ ಬೈದಳು.

ಗಾಡಿ ತಡವಾದದ್ದಕ್ಕೆ ಒಳಗೆ ಯಾರೋ ಗೊಣಗಿದರು. ಫೆಲೆತಿ ಅವರ ಕಡೆ ತಿರುಗಿ ನೋಡಿದ, ಗೊಣಗಾಟ ನಿಂತಿತು.

ಗಾಡಿ ಹೋದ ಮೇಲೆ ಹಿನ್ನೀರು ತೀರ ಸುಮ್ಮನಾಯಿತು. ಕಟ್ಟೆಯ ಕೆಳಗೆ ನೋಲೀನಳ ತಗಡಿನ ದೋಣಿ ಒಂದು ಕಡೆಗೆ ವಾಲಿಕೊಂಡು ಬೂದುಬಣ್ಣದ ಕೆಸರಲ್ಲಿ ಕೂತಿತ್ತು. ನೀರು ಎಷ್ಟೋ ದೂರ ಹಿಂದೆ ಸರಿದಿತ್ತು. ಆಚೆ ದಡದಲ್ಲಿ ಒಂದು ಪುಟ್ಟ ಮನೆ, ಮುಂದೆ ತಂತಿಯ ಮೇಲೆ ಒಣಹಾಕಿದ ಹಾಸಿಗೆ ಬಟ್ಟೆ ಕಾಣುತ್ತಿತ್ತು.

"ಎಂಟರ ತನಕ ಅಲುಗಾಡಲ್ಲ ಇದು," ಎಂದಳು ನೋಲೀನ್. "ನಾಲ್ಕಕ್ಕೇ ತಗೊಂಡು ಹೋಗ್ಬೇಕಿತ್ತು."

"ಮತ್ತೆ ಯಾಕೆ ಹೋಗ್ಲಿಲ್ಲ?"

"ನೀನು ಬಂದಿರ್ಲಿಲ್ವಲ್ಲ."

ಇಬ್ಬರೂ ದೋಣಿಯೊಳಗೇ ಇಳಿದು ಕೂತರು. ಜಾರಿಬೀಳದ ಹಾಗೆ ಕಾಲುಗಳನ್ನು ಎದುರಿನ ಹಲಗೆಗೆ ಒತ್ತಿ ಹಿಡಿಯಬೇಕಾಗಿತ್ತು. ಉಪ್ಪುನೀರಿನ ಕೆಸರಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ಬುಡದಲ್ಲಿ ಏಡಿಗಳು ಟಪಟಪ ಸದ್ದು ಮಾಡುತ್ತಿದ್ದವು. ಕೊನೆಗೆ ಬ್ರೈಡಿ ಆ ಮಾತನ್ನು ಕೇಳಿದಳು. ಜಗಳಕ್ಕೆಂದು ಕೇಳಲಿಲ್ಲ. ಕೇಳದೆ ಉಳಿದರೆ ಆಗುವುದಿಲ್ಲವೆಂದು ಕೇಳಿದಳು.

"ಯಾಕೆ ಬರ್ಲಿಲ್ಲ, ಅಮ್ಮ?"

ನೋಲೀನ್ ಲೇಸು ಕಟ್ಟದ ಶೂವನ್ನು ನೋಡುತ್ತ ಕೂತಳು. "ಬಂದಿದ್ದೆ. ಮೆಲ್ಬರ್ನ್ ತನಕ. ಎರಡು ಸಲ ಟಿಕೆಟ್ ತಗೊಂಡಿದ್ದೆ. ಹಡಗು ಹೊರಡೋದು ಸಂಜೆಗೆ. ಅಲ್ಲೀತನಕ ಊರು ಸುತ್ತೋಣ ಅಂತ ಹೊರಟೆ. ಟ್ರಾಮ್ ಹತ್ತಿದೆ, ಇಳಿದೆ. ತೋಟಕ್ಕೆ ಹೋದೆ. ನೀನು ಬಾಗ್ಲು ಹಾಕ್ಕೊಂಡ್ರೆ ಏನ್ ಮಾಡೋದು, ಯಾರು ನೀನು ಅಂದ್ರೆ ಏನ್ ಹೇಳೋದು, ಅದೇ ಯೋಚ್ನೆ. ಹಡಗಿನ ಶಿಳ್ಳೆ ಆಗೋವಾಗ ಇನ್ನೂ ಯಾವ್ದೋ ಬೀದೀಲಿ ನಿಂತಿದ್ದೆ. ಎರಡು ಸಲಾನೂ ಹಂಗೇ ಆಯ್ತು. ನನ್ನಂಥ ಹೇಡಿ ಇಲ್ಲ, ಬ್ರೈಡಿ."

ಬ್ರೈಡಿಗೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂದಿತ್ತು ಕೂಡ. ಅದು ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ. ಆದರೆ ಟ್ರಾಮಿನಿಂದ ಇಳಿದು ತೋಟದೊಳಗೆ ನಡೆದುಹೋಗುವ ಆ ಹೆಂಗಸು ಅವಳಿಗೆ ಎಷ್ಟು ಚೆನ್ನಾಗಿ ಕಂಡಳೆಂದರೆ, ಆ ದಿನ ಪಕ್ಕದಲ್ಲೇ ನಡೆದಿದ್ದಂತಿತ್ತು.

"ನೀನು ಬೆಳಗ್ಗೇನೇ ಬರ್ತೀಯ ಅಂದ್ಕೊಂಡಿದ್ದೆ," ಎಂದಳು ನೋಲೀನ್ ಆಮೇಲೆ. "ಸಿಡ್ನಿ ನೋಡ್ಕೊಂಡು ಬಂದೆಯಾ? ಹೇಗಿತ್ತು?"

"ಏನೂ ನೋಡ್ಲಿಲ್ಲ," ಎಂದಳು ಬ್ರೈಡಿ.

ಅಮ್ಮ ಮಗಳ ಮುಖವನ್ನೇ ನೋಡಿದಳು. ಕೋಟನ್ನು ಬಿಚ್ಚಿ ಇಬ್ಬರ ಮೊಣಕಾಲ ಮೇಲೂ ಹರಡಿದಳು.

ಬಿಸಿಲು ಗುಡ್ಡದ ಹಿಂದಕ್ಕೆ ಸರಿಯಿತು. ಒಂದೆರಡು ಗಾಡಿಗಳು ಅತ್ತ ಇತ್ತ ಹೋದವು, ಯಾವುದೂ ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಕೆಸರಿನ ಗೆರೆಗಳಲ್ಲಿ ನೀರು ತೆಳ್ಳಗೆ ಹರಿದುಬರತೊಡಗಿತು, ಗಿಡದ ಬುಡ ಸುತ್ತಿತು, ದೋಣಿಯ ಹಿಂಭಾಗವನ್ನು ಮುಟ್ಟಿತು. ದೋಣಿ ಅವರ ಕೆಳಗೆ ಒಮ್ಮೆ ಅಲುಗಿ, ನೆಟ್ಟಗಾಗಿ, ಮತ್ತೆ ನೆಲಕ್ಕೆ ಕೂತಿತು. ಇಬ್ಬರೂ ಏಳಲಿಲ್ಲ.